ಶಾಂತಾಗೆ ಕೇಳಿಸುವಂಥ ಒಂದು ಇಯರ್‌ಫೋನು

ನೈರೋಬಿಯ ಕನ್ನಡಿಗರಲ್ಲಿ ಯಾರ ಮೊಬೈಲಿಗೆ ಏನೇ ಕಾಯಿಲೆ ಬಂದರೂ ಮೊದಲು ತೋರಿಸುವುದು ನರಸಿಂಹನಿಗೆ. ಈ ಕೀರ್ತಿ ಅವನಿಗೆ ಒಂದೇ ಸಂಜೆಯಲ್ಲಿ ಬಂದದ್ದು. ಕನ್ನಡ ಸಂಘದ ಯುಗಾದಿಯ ದಿನ ಅಧ್ಯಕ್ಷ ರಾಮಚಂದ್ರ ಅವರ ಫೋನು ಭಾಷಣದ ನಡುವೆ ಕಲ್ಲಾಗಿ ನಿಂತುಬಿಟ್ಟಿತು. ಭಾಷಣ ಅದರೊಳಗೇ ಇತ್ತು. ಸಭೆ ಒಳಗೊಳಗೇ ಸಂತೋಷಪಡುತ್ತಿದ್ದಾಗ ಮುಂದಿನ ಸಾಲಿನ ನರಸಿಂಹ ಎದ್ದುಹೋಗಿ, ಫೋನನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಒಮ್ಮೆ ಆಫ್ ಮಾಡಿ ಆನ್ ಮಾಡಿದ. ಭಾಷಣ ಮತ್ತೆ ಶುರುವಾಯಿತು. ಸಭಿಕರು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ. ರಾಮಚಂದ್ರ ಅವರು ಮಾತ್ರ ಅಂದಿನಿಂದ ಅವನನ್ನು "ನಮ್ಮ ಟೆಕ್ನಿಕಲ್ ನರಸಿಂಹ" ಎಂದೇ ಕರೆಯುತ್ತಾರೆ.

ಉದ್ಯೋಗದಲ್ಲಿ ನರಸಿಂಹ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯ ಕ್ವಾಲಿಟಿ ಮ್ಯಾನೇಜರ್. ಮಾತ್ರೆಗಳ ವಿಷಯದಲ್ಲಿ ಅವನ ಮಾತೇ ಕೊನೆ. ಮೊಬೈಲುಗಳ ವಿಷಯದಲ್ಲಿ ಅವನ ವಿದ್ಯೆ ಆಫ್ ಮತ್ತು ಆನ್‌ಗಳ ನಡುವೆಯೇ ಮುಗಿಯುತ್ತಿತ್ತು. ಇದು ಹೆಂಡತಿ ಶಾಂತಾಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗಂಡನ ಮರ್ಯಾದೆ ಕಾಯುವುದು ಅವಳಿಗೆ ಅಭ್ಯಾಸವಾಗಿ ಹೋಗಿದ್ದರಿಂದ, ಯಾರಾದರೂ ಫೋನು ತಂದರೆ, "ಬಿಟ್ಟು ಹೋಗಿ, ಅವರು ನಿಧಾನವಾಗಿ ನೋಡ್ತಾರೆ" ಎಂದು ಇಟ್ಟುಕೊಂಡು ತಾನೇ ಯಾರಿಗೋ ಕೊಟ್ಟು ರಿಪೇರಿ ಮಾಡಿಸಿ ಕಳಿಸುತ್ತಿದ್ದಳು.

ಆ ಶಾಂತಾ ಈಗ ಮೈಸೂರಿನಲ್ಲಿದ್ದಳು. ಮಗಳು ಅಪೂರ್ವಾ ನೈರೋಬಿಯಲ್ಲೇ ಬೆಳೆದು ಮೈಸೂರಿಗೆ ಮದುವೆಯಾಗಿ ಹೋದವಳು. ಅವಳ ಬಾಣಂತನಕ್ಕೆಂದು ಹೋದ ಶಾಂತಾ ಹಿಂದಿರುಗುವ ದಿನದ ಬಗ್ಗೆ ಖಚಿತವಾಗಿ ಏನನ್ನೂ ಹೇಳುತ್ತಿರಲಿಲ್ಲ. ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ಮನೆಯಲ್ಲಿ ನರಸಿಂಹನೊಬ್ಬನೇ. ಅಲ್ಲಿ ಜುಲೈ ಎಂದರೆ ಚಳಿಗಾಲ. ಅವನು ರೂಮಿನಿಂದ ರೂಮಿಗೆ ಓಡಾಡುವಾಗ ಎಲ್ಲ ದೀಪಗಳನ್ನೂ ಹಾಗೇ ಉರಿಯಲು ಬಿಡುತ್ತಿದ್ದ. "ಲೈಟ್ ಆರಿಸ್ರೀ" ಎಂದು ಕೂಗುವವರಿಲ್ಲದ ಮೇಲೆ ಆರಿಸುವುದರಲ್ಲಿ ಯಾವ ಸ್ವಾರಸ್ಯವೂ ಇರಲಿಲ್ಲ. ಅವಳು ನೋಡುತ್ತಿದ್ದ ಧಾರಾವಾಹಿಯನ್ನು ಇಷ್ಟು ವರ್ಷ ಬೈದವನು ಈಗ ದಿನವೂ ತಪ್ಪದೆ ನೋಡಿ, ಖಳನಾಯಕಿಯ ಮೇಲೆ ಸ್ವತಃ ಸಿಟ್ಟು ಮಾಡಿಕೊಳ್ಳುವ ಹಂತಕ್ಕೆ ಬಂದಿದ್ದ. ಕಾರ್ಖಾನೆಯಿಂದ ಬಂದು ಗೇಟಿನ ಹತ್ತಿರ ಹಾರ್ನ್ ಮಾಡಿದರೆ ಅಸ್ಕರಿ, ಅಂದರೆ ಕಾವಲುಗಾರ, ಗೇಟು ತೆಗೆದು ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದ: "ಮಾಮಾ ಇವತ್ತಾದ್ರೂ ಬರ್ತಾರಾ?" ಮಾಮಾ ಎಂದರೆ ಅಲ್ಲಿ ಮನೆಯ ಅಮ್ಮಾವ್ರು. ನರಸಿಂಹ ಇಲ್ಲವೆಂದು ತಲೆಯಾಡಿಸುತ್ತಿದ್ದ. ಅಸ್ಕರಿ "ಪೋಲೆ" ಎಂದು ಅನುಕಂಪ ಸೂಚಿಸುತ್ತಿದ್ದ. ಇದನ್ನು ದಿನವೂ ನೋಡಿ, ಯಾರೋ ತೀರಿಕೊಂಡಿದ್ದಾರೆಂದು ತಿಳಿದು ಮೂರನೆಯ ಮನೆಯವರು ಹೂವನ್ನೂ ಕಳಿಸಿದ್ದರು.

ಮೈಸೂರಿಗೆ ಫೋನು ಮಾಡುವುದೊಂದೇ ಅವನಿಗಿದ್ದ ಸಮಾಧಾನ. ಅದೂ ಸುಖವಿರಲಿಲ್ಲ.

"ನಿಮ್ಮ ಮಾತು ಬಾವಿಯೊಳಗಿಂದ ಬಂದ ಹಾಗೆ ಬರುತ್ತೆ ಕಣ್ರೀ," ಎನ್ನುತ್ತಿದ್ದಳು ಶಾಂತಾ. "ಉಸಿರು ಕೇಳುತ್ತೆ, ಮಾತು ಕೇಳಲ್ಲ. ಹೊಸ ಫೋನಲ್ವಾ ಅದು?"

"ನೆಟ್‌ವರ್ಕು," ಎನ್ನುತ್ತಿದ್ದ ತಜ್ಞ.

ಹೀಗಿರುವಾಗ ಮೊಮ್ಮಗಳು ಹುಟ್ಟಿದಳು. ನಾಮಕರಣ ಭಾನುವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಸೋಮವಾರವೇ ಕಾರ್ಖಾನೆಗೆ ಹೊರದೇಶದ ತಪಾಸಣೆಯವರು ಬರುವವರಿದ್ದರು; ಕ್ವಾಲಿಟಿ ಮ್ಯಾನೇಜರ್ ಆ ಸಮಯದಲ್ಲಿ ದೇಶ ಬಿಡುವ ಮಾತೇ ಇಲ್ಲ. ಅಳಿಯನಿಗೆ ತಂದೆ ಇಲ್ಲ. ಹಾಗಾಗಿ ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕಾದ ತಾತ ಎಂದರೆ ಜಗತ್ತಿಗೆಲ್ಲ ನರಸಿಂಹನೊಬ್ಬನೇ.

"ಅಪ್ಪಾ, you say it on the phone," ಎಂದಳು ಅಪೂರ್ವಾ. "ನಾನು ಫೋನ್ ಅವಳ ಕಿವಿ ಹತ್ತಿರ ಹಿಡೀತೀನಿ. Simple."

ಅಪೂರ್ವಾಗೆ ಸರಳವಾಗಿದ್ದದ್ದು ನರಸಿಂಹನಿಗೆ ಸರಳವಾಗಿರಬೇಕೆಂದು ಎಲ್ಲಿದೆ? ಬಾವಿಯೊಳಗಿಂದ ಬಂದ ಹೆಸರನ್ನು ಹೊತ್ತು ಆ ಕೂಸು ಬದುಕಿಡೀ ಇರಬೇಕೆ? ತನ್ನ ಫೋನಿಗೆ ಹೊಂದುವಂಥ ಒಳ್ಳೆಯ ಮೈಕು ಇರುವ ಇಯರ್‌ಫೋನೊಂದನ್ನು ಕೊಳ್ಳುವುದೆಂದು ಅವನು ತೀರ್ಮಾನಿಸಿದ.

"ಅಪ್ಪಾ, just use the phone like a phone!"

"ನಿನಗೆ ಗೊತ್ತಾಗಲ್ಲ ಪುಟ್ಟಿ. ಕ್ಲಾರಿಟಿ ಬೇಕು."

ಪಕ್ಕದ ಮನೆಯ ಫಿಲೋಮಿನಾ ಟೀಚರು ಇದೇ ಹೊತ್ತಿಗೆ ಅಂಗಳದ ಬೇಲಿಯ ಆಚೆಯಿಂದ ಕೂಗಿದರು. ಮಂಗಳೂರಿನವರು; ನೈರೋಬಿಯ ಎರಡು ತಲೆಮಾರಿಗೆ ಗಣಿತ ಕಲಿಸಿ ನಿವೃತ್ತರಾದವರು. ಅವರ ಮನೆಗೂ ನರಸಿಂಹನ ಮನೆಗೂ ನಡುವೆ ಒಂದೇ ಗೋಡೆ. ಪ್ರತಿ ಶನಿವಾರ ಸಂಜೆ ಅವರ ಮನೆಯಲ್ಲಿ ಪ್ರಾರ್ಥನಾ ಕೂಟ.

"ನರಸಿಂಹ, ನೀವು ಪೇಟೆಗೆ ಹೋಗ್ತೀರಂತೆ. ನಮ್ಮ ಕೂಟಕ್ಕೆ ಒಂದು ಸ್ಪೀಕರ್ ಬೇಕು ಮಾರಾಯ್ರೆ, ವೈರಿಲ್ಲದ್ದು. ಯಾವುದು ಒಳ್ಳೇದು?"

"ನಾನೇ ನೋಡಿ ತರ್ತೀನಿ ಟೀಚರ್. ಇಂಥದ್ದೆಲ್ಲ ನೋಡಿ ತರಬೇಕು," ಎಂದ ನರಸಿಂಹ.

ಪೇಟೆಯಲ್ಲಿ ಫೋನು ಕಸಿಯುತ್ತಾರೆಂದು ಕೇಳಿದ್ದರಿಂದ ಅವನು ಫೋನನ್ನು ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿ, ಮಟಾಟು ಹತ್ತಿ ಹೋದ. ಆ ಬಸ್ಸಿನ ಹಾಡಿನ ಅಬ್ಬರಕ್ಕೆ ಇಳಿದ ಮೇಲೂ ಅವನ ಕಿವಿ ಗುಂಯ್‌ಗುಟ್ಟುತ್ತಿತ್ತು. ಆ ಕಿವಿಯಲ್ಲೇ ಮುಥೋನಿ ಎಂಬುವಳ ಮೊಬೈಲು ಸಾಮಾನಿನ ಅಂಗಡಿ ಹೊಕ್ಕ. ಅಂಗಡಿ ಕಪಾಟಿನಷ್ಟಿತ್ತು, ಮುಥೋನಿ ಅದರ ತುಂಬ ಇದ್ದಳು, ಉಳಿದ ಜಾಗದಲ್ಲಿ ವೈರುಗಳು ನೇತಾಡುತ್ತಿದ್ದವು. ಜಗತ್ತಿನ ಯಾವ ವಸ್ತುವೂ ಇನ್ನಾವ ವಸ್ತುವಿಗೂ ಹೊಂದುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ.

"ಯಾವ ಫೋನು, ಬಾಸ್?"

"ಕಪ್ಪು."

"ಮಾಡೆಲ್?"

"ಹೊಸದು."

"ತೋರಿಸಿ."

"ಮನೆಯಲ್ಲಿದೆ. ಸುರಕ್ಷಿತವಾಗಿ."

ಮುಥೋನಿ ಎದೆಗುಂದಲಿಲ್ಲ. "ಟೈಪ್ ಸಿ ತಾನೆ?"

ನರಸಿಂಹನಿಗೆ ಸ್ವಲ್ಪ ಅವಮಾನವಾಯಿತು. ಕಾರ್ಖಾನೆಯಲ್ಲಿ ಸಿ ದರ್ಜೆಯ ಸರಕನ್ನು ಅವನು ಹೊಸ್ತಿಲು ದಾಟಲು ಬಿಟ್ಟವನಲ್ಲ.

"ಸಿ ಯಾಕಮ್ಮ? ಮೊಮ್ಮಗಳ ನಾಮಕರಣ. ಎ ಕೊಡಿ."

"ಎ ಇದೆ!" ಎಂದು ಮುಥೋನಿ ಮೇಜಿನ ಕಂಪ್ಯೂಟರಿಗೆ ಹಾಕುವ, ಅಂಗೈಯಗಲ ಕಿವಿಮುಚ್ಚಳಗಳ, ಮೂತಿಗೆ ಮೈಕು ಚಾಚಿದ ಒಂದು ಯಂತ್ರವನ್ನು ಕೊಟ್ಟಳು. ಮನೆಗೆ ಬಂದು ನೋಡಿದರೆ ಅದರ ಪಿನ್ನು ಹೆಬ್ಬೆರಳಿನಷ್ಟು. ಫೋನಿನ ತೂತು ಅಕ್ಕಿಕಾಳಿನಷ್ಟು. ನರಸಿಂಹ ತನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿದ. ಫೋನನ್ನು ಆಫ್ ಮಾಡಿ ಆನ್ ಮಾಡಿದ. ತೂತು ದೊಡ್ಡದಾಗಲಿಲ್ಲ.

ಮರುದಿನ ಮತ್ತೆ ಹೋದ. ಮುಥೋನಿ ಒಂದು ಅಡಾಪ್ಟರ್ ಕೊಟ್ಟಳು. ಆ ಅಡಾಪ್ಟರಿಗೆ ಹೊಂದಲು ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು. ಎಲ್ಲ ಜೋಡಿಸಿದಾಗ ಫೋನು ಊಟದ ಮನೆಯಲ್ಲೂ ನರಸಿಂಹ ನಡುಮನೆಯಲ್ಲೂ ಇರಬೇಕಾಯಿತು. ಅಷ್ಟಾದರೂ ಫೋನು, ಈ ಉಪಕರಣ ನನಗೆ ಹೊಂದುವುದಿಲ್ಲ ಎಂದು ಪರದೆಯ ಮೇಲೆ ಸಭ್ಯವಾಗಿ ತಿಳಿಸಿತು.

ಮೂರನೆಯ ಸಲ ಫೋನನ್ನು ಬನಿಯನ್ನಿನೊಳಗೆ ಪಿನ್ನು ಹಾಕಿ ಭದ್ರಪಡಿಸಿಕೊಂಡು ಹೋದ. ಅಂಗಡಿಯಲ್ಲಿ ಅಂಗಿಯ ಗುಂಡಿ ಬಿಚ್ಚತೊಡಗಿದಾಗ ಮುಥೋನಿ ಗಾಬರಿಯಾಗಿ, "ಹಕುನಾ ಶಿದಾ, ಬಾಸ್! ಏನೂ ತೊಂದರೆ ಇಲ್ಲ, ಗುಂಡಿ ಹಾಕಿಕೊಳ್ಳಿ!" ಎಂದು ಕೂಗಿ ಕೈಗೊಂದು ಪುಟ್ಟ ಡಬ್ಬಿ ತುರುಕಿದಳು. ಒಳಗೆ ಎರಡು ಬಿಳಿ ಗುಂಡುಗಳು. "ವೈರಿಲ್ಲ, ತೂತು ಬೇಡ. ತೂತಿಲ್ಲದಿದ್ದರೆ ಜಗಳವೂ ಇಲ್ಲ. ಕಿಬೊಕೊ ಕಂಪನಿಯದು."

ಕಿಬೊಕೊ ಎಂದರೆ ಸ್ವಾಹಿಲಿಯಲ್ಲಿ ನೀರಾನೆ. ಕಿವಿಯೊಳಗೆ ಹೋಗುವ ವಸ್ತುವಿಗೆ ಈ ಹೆಸರು ಯಾಕೆಂದು ನರಸಿಂಹ ಕೇಳಲಿಲ್ಲ. ಟೀಚರಿಗೂ ಅದೇ ಕಂಪನಿಯ ಒಂದು ಸ್ಪೀಕರು ತೆಗೆದುಕೊಂಡ. ಒಂದೇ ಕಂಪನಿಯದಾದರೆ ಹೊಂದಾಣಿಕೆ ಚೆನ್ನಾಗಿರುತ್ತದೆ ಎಂಬುದು ಅವನ ಲೆಕ್ಕಾಚಾರ. ಅದು ಸಂಪೂರ್ಣ ಸರಿಯೆಂದು ಶನಿವಾರ ಸಂಜೆ ಸಾಬೀತಾಯಿತು.

ಆ ಸಂಜೆ ಫಿಲೋಮಿನಾ ಟೀಚರ ಮನೆಗೆ ಕೂಟದ ಹೆಂಗಸರು ಸ್ವೆಟರು ತೊಟ್ಟು ಬಂದರು. ಫಾದರ್ ಮುತುವಾ ಬಂದರು. ಟೀಚರು ಹೊಸ ಸ್ಪೀಕರನ್ನು ಮೇಣದಬತ್ತಿಗಳ ನಡುವೆ ಇಟ್ಟು ಆನ್ ಮಾಡಿ, ನೀಲಿ ದೀಪ ಮಿಣುಕುವುದನ್ನು ಎಲ್ಲರಿಗೂ ತೋರಿಸಿ, ಕೇಕು ತರಲು ಒಳಗೆ ಹೋದರು.

ಗೋಡೆಯ ಈಚೆ ನರಸಿಂಹ ನಾಳೆಯ ನಾಮಕರಣಕ್ಕೆ ತಾಲೀಮು ಮಾಡಲು ಕುಳಿತ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ತಲೆ ಬಾಚಿದ್ದ. ಕಿವಿಗೆ ಬಿಳಿ ಗುಂಡುಗಳನ್ನು ಇಟ್ಟುಕೊಂಡ. ಅವನ್ನು ಮೊದಲು ಚಾರ್ಜ್ ಮಾಡಬೇಕೆಂಬ ವಿಷಯ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿತ್ತು. ಸಣ್ಣ ಅಕ್ಷರ ಓದುವ ಕೆಲಸ ಮನೆಯಲ್ಲಿ ಶಾಂತಾಳದು. ಫೋನು ತೆರೆದು ಬ್ಲೂಟೂತ್ ಒತ್ತಿದಾಗ ಪರದೆಯ ಮೇಲೆ "ಕಿಬೊಕೊ" ಎಂದು ಬಂತು. ನರಸಿಂಹ ಸಂತೋಷದಿಂದ ಅದನ್ನು ಒತ್ತಿದ. "ಕೂಡಿಕೊಂಡಿದೆ" ಎಂದಿತು ಫೋನು.

ಕೂಡಿಕೊಂಡದ್ದು ಗೋಡೆಯಾಚೆಯ ಸ್ಪೀಕರಿಗೆ. ಇನ್ನು ಶಾಂತಾಳ ಮಾತೆಲ್ಲ ಟೀಚರ ಮೇಜಿನ ಮೇಲೆ ಕೇಳಬೇಕು. ಟೀಚರ ಮನೆಯ ಮಾತೆಲ್ಲ, ಆ ಸ್ಪೀಕರಿನೊಳಗಿನ ಮೈಕಿನಿಂದ, ಶಾಂತಾಗೆ ಕೇಳಬೇಕು. ಸತ್ತ ಗುಂಡುಗಳನ್ನು ಕಿವಿಗಿಟ್ಟ ನರಸಿಂಹನಿಗೆ ಯಾರದೂ ಕೇಳುವ ಹಾಗಿಲ್ಲ.

ವೀಡಿಯೊ ಕಾಲ್ ಹೋಯಿತು. ಮೈಸೂರಿನಲ್ಲಿ ಶಾಂತಾ ಎತ್ತಿದಳು. ಬಾಣಂತಿ ಮನೆಯ ಸುಸ್ತಿನ ಮುಖ, ಹೆರಳು ಬಿಚ್ಚಿಹೋಗಿತ್ತು. ನರಸಿಂಹ ಫೋನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಶಾಂತಾಗೆ ಕಂಡದ್ದು ತಲೆ ಬಾಚಿ ಇಸ್ತ್ರಿ ಅಂಗಿ ಹಾಕಿ ಕುಳಿತ ಗಂಡ. ಕೇಳಿದ್ದು, ಒಬ್ಬ ಹೆಂಗಸಿನ ದನಿ:

"ಯಾಕೆ ಅಷ್ಟು ದೂರ ಕೂತಿದೀರಿ? ಹತ್ರ ಬನ್ನಿ. ಇವತ್ತು ನಾನೇ ಕೈಯಾರೆ ಮಾಡಿದ್ದು, ತಿನ್ಲೇಬೇಕು."

ಫಿಲೋಮಿನಾ ಟೀಚರು ಮಂಗಳೂರಿನ ಗೆಳತಿಯೊಬ್ಬಳಿಗೆ ಕೇಕು ಕೊಡುತ್ತಿದ್ದರು.

ಶಾಂತಾ ಹೂಂಕರಿಸಿದಳು. "ರೀ! ಯಾವಳ್ರೀ ಅದು?"

ಗೋಡೆಯಾಚೆ ಮೇಣದಬತ್ತಿಗಳ ನಡುವಿನ ಪೆಟ್ಟಿಗೆ, ನೀರಾನೆಯ ಗಂಟಲಿನಲ್ಲಿ, ಅದನ್ನೇ ಗುಡುಗಿತು. ಕೇಕಿನ ತಟ್ಟೆ ಒಂದು ಕೆಳಗೆ ಬಿತ್ತು. ಫಾದರ್ ಮುತುವಾ ಶಿಲುಬೆಯ ಗುರುತು ಮಾಡಿಕೊಂಡು, "ಇದು ಯಾವ ಭಾಷೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಕನ್ನಡ, ಫಾದರ್."

"ಏನು ಹೇಳುತ್ತಿದೆ?"

"ನಾನು ಯಾರು ಅಂತ ಕೇಳ್ತಿದೆ, ಫಾದರ್."

"ಹಾಗಾದರೆ ಹೆದರದೆ ಉತ್ತರ ಕೊಡಿ," ಎಂದು ಫಾದರ್ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು.

ಟೀಚರು ಸೆರಗು ಸರಿಮಾಡಿಕೊಂಡು ಪೆಟ್ಟಿಗೆಗೆ ಹೇಳಿದರು, "ನಾನು ಫಿಲೋಮಿನಾ."



"ಟೀಚರ್, ನೀವಾ? ನೀವು ನಮ್ಮ ಮನೇಲಿ ಏನ್ ಮಾಡ್ತಿದೀರಿ?"

"ಅಯ್ಯೋ ಶಾಂತಾ! ನಾನು ನಮ್ಮ ಮನೇಲಿದ್ದೇನೆ. ನೀವು ನಮ್ಮ ಮನೇಲಿ ಏನು ಮಾಡ್ತಿದೀರಿ?"

"ನಾನು ಮೈಸೂರಲ್ಲಿದೀನಿ! ನನ್ನ ಗಂಡ ನನ್ನ ಕಣ್ಣೆದುರಿಗೇ ಕಾಣ್ತಿದಾರೆ, ನಿಮ್ಮ ದನಿ ಬರ್ತಿದೆ! ನಿಜ ಹೇಳಿ, ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?"

"ನನ್ನ ಪಕ್ಕದಲ್ಲಿ ಫಾದರ್ ಇದ್ದಾರೆ."

"ಯಾರ ಫಾದರು?"

ಟೀಚರು ತಿರುಗಿ ಫಾದರ್ ಮುಖ ನೋಡಿದರು.

ಇಷ್ಟೆಲ್ಲ ನಡೆಯುವಾಗ ನರಸಿಂಹ ಏನು ಮಾಡುತ್ತಿದ್ದ? ಪರದೆಯ ಮೇಲೆ ಹೆಂಡತಿಯ ಕಣ್ಣು ಅಗಲವಾಗುವುದನ್ನೂ ತುಟಿ ಅದುರುವುದನ್ನೂ ನೋಡುತ್ತಿದ್ದ. ಅವಳ ಮಾತು ಕೇಳುತ್ತಿರಲಿಲ್ಲ. ತನ್ನದು ಅವಳಿಗೆ ಮೊದಲ ಬಾರಿ ಚೆನ್ನಾಗಿ ಕೇಳುತ್ತಿದೆ, ಅದಕ್ಕೇ ಅವಳ ಮನಸ್ಸು ತುಂಬಿ ಬಂದಿದೆ ಎಂದುಕೊಂಡ. ಅವನಿಗೂ ತುಂಬಿ ಬಂತು. ಮದುವೆಯಾದ ಮೇಲೆ ಎಂದೂ ಹೇಳದಿದ್ದುದನ್ನೆಲ್ಲ ಅವನು ಆ ಫೋನಿಗೆ ಹೇಳಿದ.

"ಶಾಂತಾ, ನೀನಿಲ್ದೆ ಇಲ್ಲಿ ಸಂಜೆಯಾಗೋದೇ ಬೇಡ ಅನ್ಸುತ್ತೆ. ನಿನ್ನ ಸೀರೆ ಬೀರುನಲ್ಲಿ ಹಾಗೇ ಇದೆ, ಬಾಗಿಲು ತೆಗೆದು ಸುಮ್ನೆ ನೋಡಿ ಮುಚ್ತೀನಿ. ಆಫೀಸಲ್ಲಿ ಏನಾದ್ರೂ ತಮಾಷೆ ನಡೆದ್ರೆ ನಿನಗೆ ಹೇಳಬೇಕು ಅಂತ ನೆನಪಿಟ್ಕೋತೀನಿ, ಮನೆಗೆ ಬಂದ್ರೆ ಮರ್ತುಹೋಗುತ್ತೆ. ನೀನು ಬಯ್ದು ಎಷ್ಟು ದಿನ ಆಯ್ತು ಹೇಳು!"

ಅದೇ ಹೊತ್ತಿಗೆ ಶಾಂತಾ ಬಯ್ಯುತ್ತಿದ್ದಳು. ನೈರೋಬಿಯ ಹದಿನಾಲ್ಕು ಮಂದಿ ಕ್ರೈಸ್ತ ಮಹಿಳೆಯರು ಅದನ್ನು ಶ್ರದ್ಧೆಯಿಂದ ಕೇಳುತ್ತಿದ್ದರು. ಕೊನೆಗೆ ಅವಳು ಕಾಲ್ ಕತ್ತರಿಸಿದಳು. ಪಾಪ, ತಡೆದುಕೊಳ್ಳಲಾಗಲಿಲ್ಲ ಅವಳಿಗೆ, ಎಂದುಕೊಂಡ ನರಸಿಂಹ ಕಣ್ಣೊರೆಸಿಕೊಂಡ.

ಶಾಂತಾ ತಕ್ಷಣ ಸಂಘದ ಅಧ್ಯಕ್ಷರ ಹೆಂಡತಿ ಧನಶ್ರೀಗೆ ಫೋನು ಮಾಡಿದಳು. "ಈಗಿಂದೀಗಲೇ ನಮ್ಮನೆಗೆ ಹೋಗಿ ಒಳಗೆ ಯಾರಿದ್ದಾರೆ ನೋಡು." ಧನಶ್ರೀ ಗಂಡನನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿ ಊರಾಚೆಯ ಕರೆನ್ ಬಡಾವಣೆಯಿಂದ ಕಾರು ಓಡಿಸಿಕೊಂಡು ಬಂದಳು. ಅವರು ಗೇಟಿಗೆ ಬಂದಾಗ ಅಸ್ಕರಿ, "ಒಳಗೆ ತುಂಬ ಜನ ಹೆಂಗಸರಿದ್ದಾರೆ, ಪಾದ್ರಿಯೂ ಬಂದಿದ್ದಾರೆ" ಎಂದು ವರದಿ ಕೊಟ್ಟ. ರಾಮಚಂದ್ರ ಅವರು ಸಂತಾಪದ ಮುಖ ಮಾಡಿಕೊಂಡು ಇಳಿದರು.

ನಿಜಕ್ಕೂ ಒಳಗೆ ಜನ ತುಂಬಿದ್ದರು. ಟೀಚರು ಇಡೀ ಕೂಟವನ್ನು ಕರೆದುಕೊಂಡು, ಸ್ಪೀಕರನ್ನು ಕಂಕುಳಲ್ಲಿ ಇರುಕಿಕೊಂಡು ಆಗಷ್ಟೇ ಬಂದಿದ್ದರು. ನರಸಿಂಹ ಬಾಗಿಲು ತೆರೆದವನು ಕಿವಿಯ ಗುಂಡು ತೆಗೆಯದೆ, "ಟೀಚರ್, ಕ್ಲಾರಿಟಿ ಅದ್ಭುತ!" ಎಂದ.

"ಕ್ಲಾರಿಟಿಯಾ?" ಟೀಚರು ಅವನ ಕಿವಿಯಿಂದ ಒಂದು ಗುಂಡನ್ನು ಕಿತ್ತು ತಮ್ಮ ಕಿವಿಗೆ ಹಿಡಿದು ನೋಡಿದರು. "ಸತ್ತಿದೆ ಇದು! ನಿಮ್ಮ ಹೆಂಡತಿ ಅರ್ಧ ಗಂಟೆ ನನ್ನ ಮೇಜಿನ ಮೇಲೆ ಕೂತು ನನ್ನನ್ನು ಕೇಳಿದ್ದಾಳೆ, ಅವಳ ಗಂಡನನ್ನು ಏನು ಮಾಡಿದೆ ಅಂತ. ನನಗೆ ಎಪ್ಪತ್ತೊಂದು ವರ್ಷ, ನರಸಿಂಹ!"

ನರಸಿಂಹನ ಮುಖದಲ್ಲಿ ವಿಷಯ ನಿಧಾನವಾಗಿ ಮೂಡಿತು. "ಹಾಗಾದ್ರೆ ನಾನು ಹೇಳಿದ್ದು ಅವಳಿಗೆ..."

"ಏನೂ ಕೇಳಿಲ್ಲ. ಅವಳಿಗೆ ಕೇಳಿದ್ದು ನನ್ನ ಕೇಕಿನ ಮಾತು."

"ಏನೂ?"

"ಒಂದಕ್ಷರವೂ."

ನರಸಿಂಹ ಕುಳಿತುಬಿಟ್ಟ. ಅಲ್ಲಿದ್ದವರೆಲ್ಲ ಅವನು ನಾಚಿಕೆಯಿಂದ ಕುಳಿತನೆಂದೇ ತಿಳಿದರು.

"ಅಂಥದ್ದೇನು ಹೇಳ್ತಿದ್ರಿ?" ಧನಶ್ರೀ ಕುತೂಹಲ ತಡೆಯಲಾರದೆ ಕೇಳಿದಳು.

"ಸೋಮವಾರದ ಇನ್‌ಸ್ಪೆಕ್ಷನ್ ವಿಷಯ," ಎಂದ ನರಸಿಂಹ.

ಧನಶ್ರೀ ಮೈಸೂರಿಗೆ ಫೋನು ಮಾಡಿ ಎಲ್ಲ ವಿವರಿಸಿದಳು. ಆ ಕಡೆ ಅಪೂರ್ವಾ ನಕ್ಕು ನಕ್ಕು ಹೊಲಿಗೆ ನೋಯುತ್ತದೆಂದು ಅತ್ತಳಂತೆ. ರಾಮಚಂದ್ರ ಅವರು ಮಾತ್ರ ಗಂಭೀರವಾಗಿ, "ಆಫ್ ಮಾಡಿ ಆನ್ ಮಾಡಿ ನೋಡಬೇಕಿತ್ತು, ನರಸಿಂಹ" ಎಂದರು. ಟೆಕ್ನಿಕಲ್ ಎಂಬ ಮಾತನ್ನು ಅವರು ಬಳಸದೆ ಇದ್ದದ್ದು ಎಲ್ಲರ ಗಮನಕ್ಕೆ ಬಂತು.

ಭಾನುವಾರ ಬೆಳಿಗ್ಗೆ ಎಲ್ಲರೂ ಮತ್ತೆ ಅದೇ ಮನೆಯಲ್ಲಿ ಸೇರಿದರು. ಯಾರೂ ಕರೆದಿರಲಿಲ್ಲ, ಏನಾಗುತ್ತದೆಂದು ನೋಡದೆ ಇರಲು ಯಾರಿಗೂ ಆಗಲಿಲ್ಲ, ಅಷ್ಟೆ. ಫಾದರ್ ಮುತುವಾ ಕೂಡ ಪೂಜೆ ಮುಗಿಸಿ ಬಂದು ಬಾಗಿಲ ಬಳಿ ನಿಂತರು. ನರಸಿಂಹ ಪಂಚೆ ಉಟ್ಟಿದ್ದ. ಇಯರ್‌ಫೋನಿಲ್ಲ, ಅಡಾಪ್ಟರಿಲ್ಲ, ಬರಿಯ ಫೋನು.

ಪರದೆಯ ಮೇಲೆ ಮೈಸೂರು ಬಂತು. ತೊಟ್ಟಿಲು, ಹೂವು, ಅಳಿಯನ ಅರ್ಧ ಮುಖ.

"ಅಪ್ಪಾ, can't hear you. ಉಸಿರು ಮಾತ್ರ ಬರ್ತಿದೆ."

"ನಾನು ಹೇಳಲಿಲ್ವಾ? ಬಾವಿ!" ಎಂಬುದು ಹಿಂದಿನಿಂದ ಶಾಂತಾಳ ದನಿ.

ಫಿಲೋಮಿನಾ ಟೀಚರು ನರಸಿಂಹನ ಕೈಯನ್ನು ನೋಡಿದವರೇ ರಪ್ಪನೆ ಒಂದೇಟು ಕೊಟ್ಟರು. "ಆ ಹೆಬ್ಬೆರಳು ತೆಗೀರಿ! ಫೋನಿನ ಬಾಯಿ ಮುಚ್ಚಿ ಹಿಡ್ಕೊಂಡು ಮಾತಾಡ್ತಿದೀರಿ!"

ನರಸಿಂಹ ಹೆಬ್ಬೆರಳು ತೆಗೆದ.

"ಹಲೋ," ಎಂದ, ಅನುಮಾನದಿಂದ.

"ಅಯ್ಯೋ! ಎದುರಿಗೇ ನಿಂತ ಹಾಗಿದೆ ಕಣ್ರೀ," ಎಂದಳು ಶಾಂತಾ.

ಅಪೂರ್ವಾ ಫೋನನ್ನು ತೊಟ್ಟಿಲಿಗೆ ಇಳಿಸಿದಳು. ಪರದೆಯ ತುಂಬ ಒಂದು ಕಿವಿ. ಬಟಾಣಿ ಸಿಪ್ಪೆಯಷ್ಟು, ಕೆಂಪಗೆ, ಅಂಚಿನಲ್ಲಿ ಮೆತ್ತಗೆ ರೋಮ. ನೈರೋಬಿಯ ಆ ಕೋಣೆಯಲ್ಲಿ ಹಿಂದೂ, ಕ್ರೈಸ್ತ, ಅಧ್ಯಕ್ಷ, ಅಸ್ಕರಿ ಎಲ್ಲರೂ ಉಸಿರು ಹಿಡಿದರು. ನರಸಿಂಹ ಬಾಗಿ ಆ ಕಿವಿಗೆ ತುಟಿ ತಾಗಿಸುವಷ್ಟು ಹತ್ತಿರ ಹೋಗಿ ಹೇಳಿದ: "ಜಾಹ್ನವಿ." ಮತ್ತೆ ಹೇಳಿದ. ಮೂರನೆಯ ಸಲ ಬರೀ "ಜಾ" ಎಂದು ನಿಂತ. ಮಗು ಸೀನಿ ಉಳಿದದ್ದನ್ನು ಪೂರ್ತಿ ಮಾಡಿತು. ಧನಶ್ರೀ ಅತ್ತಳು. ಫಾದರ್ ಚಪ್ಪಾಳೆ ತಟ್ಟಿದರು.

ಆರತಿ, ಹಾಡು, ಗದ್ದಲ ಎಲ್ಲ ಮುಗಿದ ಮೇಲೆ ಶಾಂತಾ ಫೋನು ತೆಗೆದುಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಿನ್ನೆ ಏನೋ ಹೇಳ್ತಾನೇ ಇದ್ರಿ. ಬಾಯಿ ಆಡ್ತಿತ್ತು, ಕಣ್ಣಲ್ಲಿ ನೀರಿತ್ತು. ಏನದು?"

ನರಸಿಂಹ ಸುತ್ತ ನೋಡಿದ. ಇಪ್ಪತ್ತು ಜೊತೆ ಕಣ್ಣುಗಳು ಅವನ ಮೇಲಿದ್ದವು. "ಇನ್‌ಸ್ಪೆಕ್ಷನ್ನು," ಎಂದು ಶುರುಮಾಡಿದ.

ಫಿಲೋಮಿನಾ ಟೀಚರು ತರಗತಿಯ ದನಿಯಲ್ಲಿ, "ಎಲ್ಲರೂ ಹೊರಗೆ! ಫಾದರ್, ನೀವೂ!" ಎಂದು ಇಡೀ ಕೋಣೆಯನ್ನು ಖಾಲಿ ಮಾಡಿಸಿ ಬಾಗಿಲೆಳೆದರು. ಎಲ್ಲರೂ ಅಂಗಳದ ಚಳಿಯಲ್ಲಿ ಸಾಲಾಗಿ ನಿಂತರು. ಯಾರೂ ಮಾತಾಡಲಿಲ್ಲ, ಮಾತಾಡಿದರೆ ಒಳಗಿನದು ಕೇಳುವುದಿಲ್ಲ.

ನರಸಿಂಹ ಫೋನನ್ನು ಎರಡು ಕೈಯಲ್ಲಿ ಹಿಡಿದ. ನಿನ್ನೆಯ ಆ ಚಂದದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ.

"ಬೇಗ ಬಾ," ಎಂದ.



"ಕೇಳಿಸ್ಲಿಲ್ಲ," ಎಂದಳು ಶಾಂತಾ.

ನರಸಿಂಹ ಹೆಬ್ಬೆರಳನ್ನು ನೋಡಿಕೊಂಡ. ಅದು ದೂರದಲ್ಲೇ ಇತ್ತು. "ಬೇಗ ಬಾ ಶಾಂತಾ, ಅಂದೆ."

"ಏನು?"

"ಬೇಗ ಬಾ ಶಾಂತಾ!" ಎಂದು ಅವನು ಕೂಗಿದ. ಹೊರಗೆ ಧನಶ್ರೀಗೆ ಕೇಳಿತು, ರಾಮಚಂದ್ರ ಅವರಿಗೆ ಕೇಳಿತು, ಕನ್ನಡ ಬಾರದ ಫಾದರ್ ಮುತುವಾಗೂ ಅರ್ಥವಾಯಿತು. ಗೇಟಿನ ಹತ್ತಿರ ಅಸ್ಕರಿ ಟೋಪಿ ತೆಗೆದ.

ಶಾಂತಾ ಪರದೆಗೆ ಮುಖ ಹತ್ತಿರ ತಂದು, ಸೆರಗಿನಿಂದ ಮೂಗೊರೆಸಿಕೊಂಡು, "ಇನ್ನೂ ಸ್ವಲ್ಪ ಜೋರಾಗಿ ಹೇಳಿ," ಎಂದಳು.